ಹುಡುಕಾಟದ ಫಲಿತಾಂಶಗಳ ಸಂಖ್ಯೆಯನ್ನು ನಂಬಬಹುದೇ?

ಪ್ರಶ್ನೆ: ಗೂಗಲ್‌ನಲ್ಲಿ ಒಂದು ಪದವನ್ನು ಹುಡುಕಿದಾಗ ‘ಸುಮಾರು ಇಷ್ಟು ಲಕ್ಷ ಫಲಿತಾಂಶಗಳು’ ಎಂದು ಬರುವುದುಂಟು. ಅಂತರಜಾಲದಲ್ಲಿ ಆ ವಿಷಯದ ಮೇಲೆ ಅಷ್ಟು ಪುಟಗಳಿವೆ ಎಂದು ಪ್ರಬಂಧದಲ್ಲಿ ಬರೆಯಬಹುದೇ?

ಉತ್ತರ: ಬರೆಯಬಾರದು. ಇದನ್ನು ಹಿಂದೆಯೂ ಹಲವು ಬಾರಿ ಹೇಳಿದ್ದೇನೆ. ಆದರೂ ಆ ಸಂಖ್ಯೆಯನ್ನು ಪುರಾವೆಯೆಂಬಂತೆ ಉದ್ಧರಿಸುವ ರೂಢಿ ನಿಂತಿಲ್ಲವಾದ್ದರಿಂದ, ಈ ಸಲ ಬಿಡಿಸಿಯೇ ಹೇಳುತ್ತೇನೆ.

ಹುಡುಕುಯಂತ್ರವು ಉತ್ತರ ಕೊಡುವ ಮುನ್ನ ಪುಟಗಳನ್ನು ಒಂದೊಂದಾಗಿ ಎಣಿಸುತ್ತಾ ಕೂರುವುದಿಲ್ಲ. ತಾನು ಮೊದಲೇ ಸಿದ್ಧಪಡಿಸಿಟ್ಟ ಪುಟಗಳ ಪಟ್ಟಿಯ, ಅಂದರೆ ಸೂಚಿಯ, ಒಂದಷ್ಟು ಭಾಗವನ್ನು ನೋಡಿ, ಉಳಿದದ್ದನ್ನು ಲೆಕ್ಕಾಚಾರದಿಂದ ಊಹಿಸುತ್ತದೆ. ‘ಸುಮಾರು’ ಎಂಬ ಪದ ಅಲ್ಲಿರುವುದು ಇದೇ ಕಾರಣಕ್ಕೆ. ನೀವೇ ಪರೀಕ್ಷಿಸಿ: ಲಕ್ಷಗಟ್ಟಲೆ ಫಲಿತಾಂಶಗಳೆಂದು ತೋರಿಸಿದ ಪಟ್ಟಿಯ ಕೊನೆಯ ಪುಟದವರೆಗೆ ಹೋದರೆ, ಅದು ಕೆಲವು ನೂರುಗಳಲ್ಲಿಯೇ ಮುಗಿದುಬಿಡುತ್ತದೆ. ಹುಡುಕಾಟಕ್ಕೆ ಇನ್ನೊಂದು ಪದ ಸೇರಿಸಿದರೆ ಸಂಖ್ಯೆ ಇಳಿಯಬೇಕಾದದ್ದು ತರ್ಕ. ಎಷ್ಟೋ ಸಲ ಅದು ಏರುತ್ತದೆ. ಅದೇ ಪದವನ್ನು ಮರುದಿನ ಹುಡುಕಿದರೆ ಬೇರೊಂದೇ ಸಂಖ್ಯೆ ಬರಬಹುದು. ಹೀಗೆ ಹೊಯ್ದಾಡುವ ಅಳತೆಗೋಲಿನಿಂದ ಎರಡು ಪದಗಳ ಬಳಕೆಯನ್ನು ಹೋಲಿಸಿ ತೀರ್ಮಾನಕ್ಕೆ ಬರುವುದು ಎಷ್ಟು ಸರಿ?

ಇಷ್ಟಕ್ಕೂ ‘ಪುಟ’ ಎಂದರೇನು ಎಂಬುದೇ ಇತ್ಯರ್ಥವಾಗಿಲ್ಲ. ‘ಮುಂದಿನ ದಿನ’ ಎಂಬ ಕೊಂಡಿಯಿರುವ ಒಂದೇ ಒಂದು ಕ್ಯಾಲೆಂಡರ್ ತಾಣವು, ಒತ್ತಿದಷ್ಟೂ ಹೊಸ ಪುಟವನ್ನು ಹುಟ್ಟಿಸುತ್ತಲೇ ಹೋಗುತ್ತದೆ. 2008ರಲ್ಲಿ ಗೂಗಲ್ ಒಂದು ಲಕ್ಷ ಕೋಟಿ ಭಿನ್ನ ವಿಳಾಸಗಳನ್ನು ಕಂಡಿರುವುದಾಗಿ ಪ್ರಕಟಿಸಿದಾಗಲೂ, ಅವೆಲ್ಲವನ್ನೂ ಸೂಚಿಗೆ ಸೇರಿಸುವುದಿಲ್ಲವೆಂದು ಹೇಳಿತ್ತು.

ಹಾಗಾದರೆ ಜಾಲವನ್ನು ಅಳೆಯಲು ಸಾಧ್ಯವೇ ಇಲ್ಲವೇ? ಯಾರೂ ಕೇಳದಿದ್ದರೂ ಇದಕ್ಕೆ ಉತ್ತರಿಸಬೇಕೆನಿಸುತ್ತದೆ. ಕೆರೆಯಲ್ಲಿ ನೂರು ಮೀನು ಹಿಡಿದು, ಗುರುತು ಹಾಕಿ ಬಿಡಿ; ಮತ್ತೆ ನೂರು ಹಿಡಿದಾಗ ಅವುಗಳಲ್ಲಿ ಹತ್ತಕ್ಕೆ, ಅಂದರೆ ಹತ್ತರಲ್ಲೊಂದಕ್ಕೆ, ಗುರುತಿದ್ದರೆ, ಕೆರೆಯಲ್ಲಿರುವುದು ಹೆಚ್ಚುಕಡಿಮೆ ಸಾವಿರ ಮೀನು. 1998ರಲ್ಲಿ ಕಂಪ್ಯೂಟರ್ ವಿಜ್ಞಾನಿಗಳಾದ ಸ್ಟೀವ್ ಲಾರೆನ್ಸ್ ಮತ್ತು ಲೀ ಗೈಲ್ಸ್ ಎರಡು ಹುಡುಕುಯಂತ್ರಗಳಿಗೆ ಸಮಾನವಾಗಿ ಸಿಕ್ಕ ಪುಟಗಳನ್ನು ಇದೇ ರೀತಿ ಗುರುತಿನ ಮೀನುಗಳೆಂದು ಭಾವಿಸಿ, ಜಾಲದಲ್ಲಿ ಕನಿಷ್ಠ 32 ಕೋಟಿ ಪುಟಗಳಿವೆಯೆಂದು ಅಂದಾಜಿಸಿದರು. ಅವರು ‘ಕನಿಷ್ಠ’ ಎಂದದ್ದಕ್ಕೆ ಕಾರಣವಿದೆ: ಹೆಚ್ಚು ಕೊಂಡಿಗಳಿರುವ ಜನಪ್ರಿಯ ಪುಟಗಳು ಎರಡೂ ಬಲೆಗಳಿಗೆ ಸುಲಭವಾಗಿ ಬೀಳುವುದರಿಂದ ಗುರುತಿನ ಮೀನುಗಳು ಅಗತ್ಯಕ್ಕಿಂತ ಹೆಚ್ಚಾಗಿ ಕಾಣುತ್ತವೆ, ಕೆರೆಯು ಇರುವುದಕ್ಕಿಂತ ಚಿಕ್ಕದೆಂದು ಲೆಕ್ಕವಾಗುತ್ತದೆ.