ಗೋ-ಲ್ಯಾಬ್ ಯೋಜನೆ: ಆನ್‌ಲೈನ್ ಪ್ರಯೋಗಾಲಯಕ್ಕೆ ಆಸರೆ ಏಕೆ ಬೇಕು

ಯುರೋಪಿಯನ್ ಒಕ್ಕೂಟದ ಅನುದಾನದಲ್ಲಿ ನಡೆದ ಡಿಜಿಟಲ್ ಶಿಕ್ಷಣ ಯೋಜನೆಗಳ ಪಟ್ಟಿ ಬಹಳ ಉದ್ದ. ಎಲ್ಲದರ ಹೆಸರು, ಇಸವಿ ಬಾಯಿಪಾಠ ಮಾಡುವುದಕ್ಕಿಂತ ಒಂದನ್ನು ಆಳವಾಗಿ ಓದಿದರೆ ಉಳಿದವುಗಳ ನಡೆಯೂ ಗೊತ್ತಾಗುತ್ತದೆ. ಅದಕ್ಕೆ ಗೋ-ಲ್ಯಾಬ್ ಒಳ್ಳೆಯ ಆಯ್ಕೆ. ಶಾಲೆಯ ಮಕ್ಕಳು ವಿಜ್ಞಾನದ ಪ್ರಯೋಗಗಳನ್ನು ಬ್ರೌಸರ್‌ನಲ್ಲೇ ಮಾಡಲಿ ಎಂದು ಹುಟ್ಟಿದ ಯೋಜನೆ ಇದು. ಆದರೆ ಇದರಲ್ಲಿ ಕಲಿಯಬೇಕಾದ ಮುಖ್ಯ ಅಂಶ ಪ್ರಯೋಗಾಲಯಗಳ ಸುತ್ತ ಕಟ್ಟಿದ ಆಸರೆ, ಅಂದರೆ ಹೆಜ್ಜೆಹೆಜ್ಜೆಗೂ ಮಗುವಿಗೆ ಸಿಗುವ ಮಾರ್ಗದರ್ಶನ. ಪ್ರಯೋಗಾಲಯವೊಂದನ್ನೇ ಮಗುವಿನ ಮುಂದಿಟ್ಟರೆ ಕಲಿಕೆ ತಾನಾಗಿ ಆಗುವುದಿಲ್ಲ ಎಂಬ ತಿಳಿವಳಿಕೆಯ ಮೇಲೆ ಇಡೀ ಯೋಜನೆ ನಿಂತಿದೆ.

ಯಾರು, ಯಾವಾಗ

ಗೋ-ಲ್ಯಾಬ್ ನಡೆದದ್ದು 2012ರ ನವೆಂಬರ್‌ನಿಂದ 2016ರ ಅಕ್ಟೋಬರ್‌ವರೆಗೆ, ಒಕ್ಕೂಟದ ಏಳನೇ ಸಂಶೋಧನಾ ಚೌಕಟ್ಟು ಕಾರ್ಯಕ್ರಮದ ಅಡಿಯಲ್ಲಿ. ಅನುದಾನ ಒಪ್ಪಂದದ ಸಂಖ್ಯೆ 317601. ನೆದರ್‌ಲ್ಯಾಂಡ್ಸ್‌ನ ಟ್ವೆಂಟೆ ವಿಶ್ವವಿದ್ಯಾಲಯದ ಟೋನ್ ಡೆ ಯೊಂಗ್ ಇದರ ಸಂಯೋಜಕರಾಗಿದ್ದರು. ಪಾಠ ಕಟ್ಟುವ ಗ್ರಾಸ್ಪ್ ಎಂಬ ವೇದಿಕೆ ಸ್ವಿಟ್ಜರ್‌ಲ್ಯಾಂಡಿನ ಲೋಸಾನ್‌ನ ತಾಂತ್ರಿಕ ವಿಶ್ವವಿದ್ಯಾಲಯ ಇಪಿಎಫ್‌ಎಲ್‌ನಲ್ಲಿ ರೂಪುಗೊಂಡದ್ದು. ಸ್ಪೇನಿನ ದೇವುಸ್ತೊ ವಿಶ್ವವಿದ್ಯಾಲಯ ದೂರನಿಯಂತ್ರಿತ ಪ್ರಯೋಗಾಲಯಗಳನ್ನು ತಂದಿತು, ಎಸ್ಟೋನಿಯಾದ ತಾರ್ಟು ವಿಶ್ವವಿದ್ಯಾಲಯ ಬೋಧನಾ ಮಾದರಿಗೆ ದುಡಿಯಿತು. ಯುರೋಪಿನ ಕಣಭೌತ ಸಂಶೋಧನಾ ಕೇಂದ್ರ ಸರ್ನ್ ಕೂಡ ಪಾಲುದಾರ ಸಂಸ್ಥೆಯಾಗಿತ್ತು. ಶಾಲೆಗಳನ್ನು ತಲುಪುವ ಕೆಲಸದಲ್ಲಿ ಶಿಕ್ಷಣ ಸಚಿವಾಲಯಗಳ ಜಾಲವಾದ ಯುರೋಪಿಯನ್ ಸ್ಕೂಲ್‌ನೆಟ್ ಇತ್ತು. ಅವಧಿ ಮುಗಿದ ಮೇಲೆ 2017ರಲ್ಲಿ, ಒಕ್ಕೂಟದ ಮುಂದಿನ ಸಂಶೋಧನಾ ಕಾರ್ಯಕ್ರಮ ಹೊರೈಜನ್ 2020ರ ಅಡಿಯಲ್ಲಿ, ನೆಕ್ಸ್ಟ್-ಲ್ಯಾಬ್ ಶುರುವಾಯಿತು. ಅದರ ಒಪ್ಪಂದ ಸಂಖ್ಯೆ 731685. 2018ರಲ್ಲಿ ಗೋ-ಗಾ ಎಂಬ ಯೋಜನೆ ಇದನ್ನೇ ಕೀನ್ಯಾ, ನೈಜೀರಿಯಾ ಮತ್ತು ಬೆನಿನ್‌ಗೆ ಒಯ್ದಿತು. ಒಪ್ಪಂದ ಸಂಖ್ಯೆ ಗುರುತು ಹಾಕಿಕೊಳ್ಳಿ: ಒಕ್ಕೂಟದ ಕಾರ್ಡಿಸ್ ತಾಣದಲ್ಲಿ ಅದನ್ನು ಕೊಟ್ಟು ಹುಡುಕಿದರೆ ಪಾಲುದಾರರ ಪಟ್ಟಿ, ಅನುದಾನದ ಮೊತ್ತ, ಅವಧಿ ಎಲ್ಲವೂ ಒಂದೇ ಪುಟದಲ್ಲಿ ಸಿಗುತ್ತವೆ.

ಮೂರು ಬಗೆಯ ಪ್ರಯೋಗಾಲಯ

ವರ್ಚುವಲ್ ಪ್ರಯೋಗಾಲಯ ಎಂದರೆ ಪೂರ್ತಿ ಸಾಫ್ಟ್‌ವೇರ್, ಸಿಮ್ಯುಲೇಶನ್. ದೂರನಿಯಂತ್ರಿತ ಪ್ರಯೋಗಾಲಯದಲ್ಲಿ ಉಪಕರಣ ಎಲ್ಲೋ ನಿಜವಾಗಿಯೇ ಇರುತ್ತದೆ; ನೀವು ಕ್ಯಾಮೆರಾದಲ್ಲಿ ನೋಡುತ್ತಾ ನಡೆಸುತ್ತೀರಿ. ಹವಾಯಿ ಮತ್ತು ಆಸ್ಟ್ರೇಲಿಯಾದಲ್ಲಿರುವ ಫಾಕ್ಸ್ ದೂರದರ್ಶಕಗಳು ಇದರ ಚೆಂದದ ಉದಾಹರಣೆ. ಯುರೋಪಿನಲ್ಲಿ ಶಾಲೆಯ ಬೆಳಗಿನ ಪಾಠ ನಡೆಯುವ ಹೊತ್ತಿಗೆ ಹವಾಯಿಯಲ್ಲಿ ರಾತ್ರಿ, ಹಾಗಾಗಿ ತರಗತಿಯ ವೇಳೆಯಲ್ಲೇ ಆಕಾಶ ನೋಡಬಹುದು. ಮೂರನೆಯದು ದತ್ತಾಂಶ ಸಂಗ್ರಹ. ಸರ್ನ್‌ನ ಅಟ್ಲಾಸ್ ಪ್ರಯೋಗದ ದತ್ತಾಂಶವನ್ನು ಹೈಪೇಷಿಯಾ ಎಂಬ ಉಪಕರಣದಲ್ಲಿ ತೆರೆದು, ಮ್ಯೂಆನ್ ಎಂಬ ಕಣಗಳ ಜೋಡಿಯ ಜಾಡು ಆರಿಸಿ, ದ್ರವ್ಯರಾಶಿಯ ಲೆಕ್ಕವನ್ನು ಗ್ರಾಫ್‌ಗೆ ಹಾಕುತ್ತಾ ಹೋದರೆ 91 ಜಿಇವಿ (ಕಣಗಳ ದ್ರವ್ಯರಾಶಿ ಅಳೆಯುವ ಮಾನ) ಹತ್ತಿರ ಝಡ್ ಬೋಸಾನ್ ಎಂಬ ಕಣದ ಶಿಖರ ಎದ್ದು ಕಾಣುತ್ತದೆ.

ವಿದ್ಯಾರ್ಥಿಗಳು ಹೆಚ್ಚಾಗಿ ಗೊಂದಲಪಡುವುದು ಮೊದಲ ಎರಡರ ನಡುವೆ. ಪರೀಕ್ಷೆಯಲ್ಲಿ ಬರೆಯುವಾಗ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಅಳತೆಯಲ್ಲಿ ನಿಜವಾದ ದೋಷ ಇಣುಕುತ್ತದೆಯೇ? ದೂರನಿಯಂತ್ರಿತದಲ್ಲಿ ಸೆನ್ಸರ್‌ನ ಏರುಪೇರು, ಓದುವಿಕೆಯ ತಪ್ಪು ಎಲ್ಲ ಇರುತ್ತವೆ. ವರ್ಚುವಲ್‌ನಲ್ಲಿ ಬರೆದವರು ಬೇಕೆಂದೇ ಸೇರಿಸದಿದ್ದರೆ ಇರುವುದಿಲ್ಲ.

ಐದು ಹಂತ

ಪಾಠದ ಬೆನ್ನೆಲುಬು ಪೆಡಾಸ್ಟೆ ಮತ್ತು ಸಂಗಡಿಗರು 2015ರಲ್ಲಿ 32 ಲೇಖನಗಳನ್ನು ಪರಿಶೀಲಿಸಿ ರೂಪಿಸಿದ ಅನ್ವೇಷಣಾ ಚಕ್ರ. ಪರಿಚಯ, ಪರಿಕಲ್ಪನೆ, ತನಿಖೆ, ತೀರ್ಮಾನ, ಚರ್ಚೆ: ಇವು ಐದು ಹಂತಗಳು. ಪರಿಕಲ್ಪನೆಯ ಹಂತದಲ್ಲಿ ಎರಡು ದಾರಿಗಳಿವೆ. ಮಗುವಿಗೆ ವಿಷಯದ ಹಿನ್ನೆಲೆ ಗೊತ್ತಿದ್ದರೆ ಪ್ರಾಕ್ಕಲ್ಪನೆ (ಪರೀಕ್ಷಿಸಿ ನೋಡಬಹುದಾದ ಊಹೆ) ಬರೆದು ನೇರವಾಗಿ ಪ್ರಯೋಗಕ್ಕೆ ಇಳಿಯುತ್ತದೆ. ಏನೂ ಗೊತ್ತಿಲ್ಲದಿದ್ದರೆ ಬರೀ ಪ್ರಶ್ನೆ ಇಟ್ಟುಕೊಂಡು ಮೊದಲು ತಡಕಾಡಿ ನೋಡುತ್ತದೆ. ಚರ್ಚೆ ಕೊನೆಯ ಹಂತ ಎಂದು ಬರೆದರೆ ಅರ್ಧ ಅಂಕ ಹೋದಂತೆ. ಅದು ಉಳಿದ ಎಲ್ಲ ಹಂತಗಳ ಜೊತೆಗೂ ನಡೆಯುತ್ತದೆ, ಸಂವಹನ ಮತ್ತು ಅವಲೋಕನ ಎರಡೂ ಅದರೊಳಗೆ ಬರುತ್ತವೆ.

ಆಸರೆ ಯಾಕೆ ಬೇಕು? ಡೆ ಯೊಂಗ್ ಮತ್ತು ವಾನ್ ಯೋಲಿಂಗೆನ್ 1998ರ ವಿಮರ್ಶಾ ಲೇಖನದಲ್ಲೇ ಸಿಮ್ಯುಲೇಶನ್‌ನಲ್ಲಿ ಕಲಿಯುವವರು ಎಡವುವ ಜಾಗಗಳನ್ನು ಗುರುತಿಸಿದ್ದರು. ಪರೀಕ್ಷಿಸಬಹುದಾದ ಪ್ರಾಕ್ಕಲ್ಪನೆ ಬರೆಯಲು ಬರುವುದಿಲ್ಲ. ಒಂದೇ ಸಲಕ್ಕೆ ಎರಡು ಮೂರು ಚರಾಂಶ (ಬದಲಾಗಬಲ್ಲ ಗುಣ) ಬದಲಿಸುತ್ತಾರೆ. ತಮ್ಮ ನಂಬಿಕೆಗೆ ಒಪ್ಪುವ ಪ್ರಯೋಗ ಮಾತ್ರ ಮಾಡುತ್ತಾರೆ. ಗ್ರಾಫ್ ಓದುವಲ್ಲಿ ತಪ್ಪುತ್ತಾರೆ. ಮುಂದೇನು ಮಾಡಬೇಕೆಂಬ ಯೋಜನೆಯೇ ಇರುವುದಿಲ್ಲ. 2016ರಲ್ಲಿ ಲಝೊಂಡರ್ ಮತ್ತು ಹಾರ್ಮ್ಸೆನ್ 72 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಮಾರ್ಗದರ್ಶನ ಸಿಕ್ಕ ಅನ್ವೇಷಣೆಯಲ್ಲಿ ಕಲಿಕೆಯ ಫಲ ಹೆಚ್ಚು ಎಂದು ಕಂಡುಬಂತು. ಎರಡು ಗುಂಪುಗಳ ನಡುವಿನ ವ್ಯತ್ಯಾಸವನ್ನು ಹೇಳುವ ಅಳತೆ, ಅಂದರೆ ಪರಿಣಾಮದ ಗಾತ್ರ, 0.50. ಶಿಕ್ಷಣ ಸಂಶೋಧನೆಯಲ್ಲಿ ಇದು ಸಣ್ಣ ಅಂಕಿ ಅಲ್ಲ.

ಒಂದು ಪಾಠ ಹತ್ತಿರದಿಂದ: ತೇಲುವುದು, ಮುಳುಗುವುದು

ಸ್ಪ್ಲ್ಯಾಶ್ ಎಂಬ ವರ್ಚುವಲ್ ಪ್ರಯೋಗಾಲಯದಲ್ಲಿ ಚೆಂಡಿನ ದ್ರವ್ಯರಾಶಿ, ಗಾತ್ರ, ಸಾಂದ್ರತೆ ನಿಗದಿ ಮಾಡಿ ದ್ರವದೊಳಗೆ ಬಿಡಬಹುದು. ಮಕ್ಕಳು ತಂದಿರುವ ನಂಬಿಕೆ ಬಹುತೇಕ ಒಂದೇ: ಭಾರ ಇರುವುದು ಮುಳುಗುತ್ತದೆ. ಪಾಠ ಆ ನಂಬಿಕೆಯನ್ನು ಮಗುವಿನ ಕೈಯಿಂದಲೇ ಬೀಳಿಸಬೇಕು.

ಪರಿಚಯದ ಹಂತಕ್ಕೆ ಎರಡು ನಿಮಿಷದೊಳಗಿನ ವೀಡಿಯೊ ಒಂದು ಸಾಕು. ಕಬ್ಬಿಣದ ಮೊಳೆ ಮುಳುಗುತ್ತದೆ, ಸಾವಿರಾರು ಟನ್ ತೂಗುವ ಹಡಗು ತೇಲುತ್ತದೆ, ಏಕೆ? ಉತ್ತರ ಹೇಳದೆ ಅಲ್ಲಿಗೇ ನಿಲ್ಲಿಸಿ. ಮುಂದಿನ ಹಂತದಲ್ಲಿ ಪ್ರಾಕ್ಕಲ್ಪನೆಯ ಆ್ಯಪ್ ಬರುತ್ತದೆ. ಇದರಲ್ಲಿ 'ಆದರೆ', 'ಹೆಚ್ಚಿದರೆ', 'ದ್ರವ್ಯರಾಶಿ', 'ಮುಳುಗುತ್ತದೆ' ಎಂಬಂತಹ ಪದಗಳ ತುಣುಕುಗಳನ್ನು ಎಳೆದು ವಾಕ್ಯ ಜೋಡಿಸಬೇಕು. ತುಣುಕುಗಳನ್ನು ಕೊಡುವವರು ಶಿಕ್ಷಕರೇ, ಹಾಗಾಗಿ ಸರಿಯುತ್ತರಕ್ಕೆ ಬೇಕಾದಷ್ಟು ಪದ ಮಾತ್ರ ಇಟ್ಟರೆ ಪಾಠ ಕೆಟ್ಟಿತು. 'ಸಾಂದ್ರತೆ' ಇರುವಲ್ಲಿ 'ದ್ರವ್ಯರಾಶಿ', 'ಗಾತ್ರ', 'ಆಕಾರ' ಎಲ್ಲವೂ ಇರಲಿ, ತಪ್ಪು ಊಹೆ ಬರೆಯಲು ಜಾಗ ಇರಲಿ.

ತನಿಖೆಯಲ್ಲಿ ಪ್ರಯೋಗ ವಿನ್ಯಾಸದ ಆ್ಯಪ್ ಇದೆ. ಪ್ರತಿ ಗುಣಕ್ಕೂ ಮೂರರಲ್ಲಿ ಒಂದು ಪೆಟ್ಟಿಗೆ: ಬದಲಿಸುವುದು, ಹಾಗೇ ಇಡುವುದು, ಅಳೆಯುವುದು. ಎರಡು ಗುಣಗಳನ್ನು 'ಬದಲಿಸುವುದು' ಪೆಟ್ಟಿಗೆಗೆ ಹಾಕಿದ ಮಗು ತಾನು ಮಾಡುತ್ತಿರುವುದನ್ನು ಕಣ್ಣಾರೆ ಕಾಣುತ್ತದೆ, ಪ್ರಯೋಗ ಮುಗಿದ ಮೇಲಲ್ಲ, ಮೊದಲೇ. ಈ ಅಂಕಿಗಳನ್ನು ಹಾಕಿ ನೋಡಿ (ಸಾಂದ್ರತೆ ಘನ ಸೆಂ.ಮೀ.ಗೆ ಗ್ರಾಂಗಳಲ್ಲಿ, ನೀರಿನದು 1):

ಒಂದನೇ ಚೆಂಡು 300 ಗ್ರಾಂ, 200 ಘನ ಸೆಂ.ಮೀ. ಸಾಂದ್ರತೆ 1.5, ನೀರಿನಲ್ಲಿ ಮುಳುಗುತ್ತದೆ.
ಎರಡನೇ ಚೆಂಡು 300 ಗ್ರಾಂ, 400 ಘನ ಸೆಂ.ಮೀ. ಸಾಂದ್ರತೆ 0.75, ತೇಲುತ್ತದೆ.
ಮೂರನೆಯದು 100 ಗ್ರಾಂ, 125 ಘನ ಸೆಂ.ಮೀ. ಸಾಂದ್ರತೆ 0.8, ತೇಲುತ್ತದೆ.
ನಾಲ್ಕನೆಯದು 400 ಗ್ರಾಂ, 500 ಘನ ಸೆಂ.ಮೀ. ಸಾಂದ್ರತೆ 0.8, ಇದೂ ತೇಲುತ್ತದೆ.

ಮೊದಲ ಎರಡರಲ್ಲಿ ದ್ರವ್ಯರಾಶಿ ಒಂದೇ, ಫಲ ಬೇರೆ. ನಾಲ್ಕನೇ ಚೆಂಡು ಒಂದನೆಯದಕ್ಕಿಂತ ಭಾರ, ಆದರೂ ತೇಲಿತು. 'ಭಾರ ಇದ್ದರೆ ಮುಳುಗುತ್ತದೆ' ಎಂಬುದು ಇಲ್ಲಿಗೆ ಬಿತ್ತು. ಈಗ 'ದೊಡ್ಡದಾಗಿದ್ದರೆ ತೇಲುತ್ತದೆ' ಎಂಬ ಹೊಸ ಊಹೆ ಹುಟ್ಟಬಹುದು, ಹುಟ್ಟಲಿ. ಆದರೆ ಮೂರನೇ ಚೆಂಡು ನಾಲ್ಕರಲ್ಲೂ ಚಿಕ್ಕದು, ಅದೂ ತೇಲಿದೆ. ಸರಣಿಯನ್ನು ಇಷ್ಟಕ್ಕೇ ಬಿಟ್ಟರೆ ಮಕ್ಕಳು 'ಒಂದಕ್ಕಿಂತ ಕಡಿಮೆ ಇದ್ದರೆ ತೇಲುತ್ತದೆ' ಎಂಬ ನಿಯಮ ಕಲಿತುಬಿಡುತ್ತಾರೆ, ಅದು ನೀರಿಗೆ ಮಾತ್ರ ನಿಜ. ಆದ್ದರಿಂದ ಐದನೇ ಪ್ರಯೋಗ ಬೇಕೇ ಬೇಕು: 380 ಗ್ರಾಂ, 400 ಘನ ಸೆಂ.ಮೀ., ಸಾಂದ್ರತೆ 0.95. ನೀರಿನಲ್ಲಿ ತೇಲುವ ಈ ಚೆಂಡು 0.92 ಸಾಂದ್ರತೆಯ ಎಣ್ಣೆಯಲ್ಲಿ ಮುಳುಗುತ್ತದೆ. ಹೋಲಿಕೆ ಯಾವುದರ ಜೊತೆ ಎಂಬುದು ಆಗ ತಿಳಿಯುತ್ತದೆ. ಮುಂದಿದ್ದವರಿಗೆ ಇನ್ನೊಂದು ಪ್ರಶ್ನೆ: ಎರಡನೇ ಚೆಂಡಿನ ಎಷ್ಟು ಭಾಗ ನೀರಿನೊಳಗಿದೆ? ಮುಕ್ಕಾಲು ಭಾಗ, ಏಕೆಂದರೆ ಸಾಂದ್ರತೆಗಳ ಅನುಪಾತ 0.75.

ತೀರ್ಮಾನದ ಆ್ಯಪ್ ಮೊದಲು ಬರೆದ ಪ್ರಾಕ್ಕಲ್ಪನೆಯನ್ನೂ ದಾಖಲಿಸಿದ ದತ್ತಾಂಶವನ್ನೂ ಪಕ್ಕಪಕ್ಕದಲ್ಲಿ ತಂದು ನಿಲ್ಲಿಸುತ್ತದೆ. ನನ್ನ ಪ್ರಕಾರ ಇಡೀ ಯೋಜನೆಯ ಅತ್ಯುತ್ತಮ ಕೆಲಸ ಇದೇ. ಹಾಳೆಯ ಮೇಲಾದರೆ ಪ್ರಯೋಗ ಮುಗಿದ ಮೇಲೆ ಮೊದಲಿನ ಊಹೆಯನ್ನು ಸದ್ದಿಲ್ಲದೆ ತಿದ್ದಿಬಿಡುವುದು ಸುಲಭ. ಇಲ್ಲಿ ತಾನೇ ಬರೆದದ್ದಕ್ಕೆ ಮಗು ಉತ್ತರ ಕೊಡಲೇಬೇಕು.

ತರಗತಿಯಲ್ಲಿ ಕೈಕೊಡುವುದು

ಗ್ರಾಸ್ಪ್‌ನಲ್ಲಿ ಮಕ್ಕಳು ಅಡ್ಡಹೆಸರು ಕೊಟ್ಟು ಒಳಗೆ ಬರುತ್ತಿದ್ದರು; ಇಮೇಲ್ ಬೇಡ, ಸಾಮಾನ್ಯವಾಗಿ ಪಾಸ್‌ವರ್ಡೂ ಬೇಡ. ಮಕ್ಕಳ ಖಾಸಗಿತನ ಕಾಯುವ ಒಳ್ಳೆಯ ನಿರ್ಧಾರ. ಆದರೆ ಇಂದು 'ರವಿ' ಎಂದು ಬಂದವನು ನಾಳೆ 'ರವಿ1' ಎಂದು ಬಂದರೆ ವ್ಯವಸ್ಥೆಗೆ ಅವನು ಹೊಸಬ, ನಿನ್ನೆಯ ಕೆಲಸ ಕಾಣುವುದಿಲ್ಲ. ಹಾಜರಿ ಪುಸ್ತಕದ ಪಕ್ಕದಲ್ಲಿ ಅಡ್ಡಹೆಸರಿನ ಪಟ್ಟಿ ಇಟ್ಟುಕೊಂಡರೆ ತೊಂದರೆ ಇಲ್ಲ. ಇನ್ನೊಂದು ತಪ್ಪು, ಎಲ್ಲ ಆ್ಯಪ್‌ಗಳನ್ನೂ ಒಂದೇ ಪಾಠದೊಳಗೆ ತುರುಕುವುದು. ಪ್ರತಿ ಆ್ಯಪ್ ಕಲಿಯಲು ಸಮಯ ಬೇಕು. 45 ನಿಮಿಷದ ಅವಧಿಗೆ ಪ್ರಾಕ್ಕಲ್ಪನೆ, ವಿನ್ಯಾಸ, ತೀರ್ಮಾನ ಮೂರೇ ಸಾಕು.

ದೂರನಿಯಂತ್ರಿತ ಪ್ರಯೋಗಾಲಯದಲ್ಲಿ ಸರತಿ ಸಾಲಿನ ತಲೆನೋವು ಬೇರೆ. ಉಪಕರಣ ಒಂದೇ, ಮಕ್ಕಳು ಮೂವತ್ತು. ಒಬ್ಬೊಬ್ಬರಿಗೆ ಮೂರು ನಿಮಿಷ ಎಂದರೂ ಒಂದೂವರೆ ಗಂಟೆ. ಗುಂಪು ಮಾಡಿ ಸಮಯ ಕಾಯ್ದಿರಿಸಬೇಕು, ಇಲ್ಲವೇ ನಿಜವಾದ ಉಪಕರಣದಲ್ಲಿ ಎಲ್ಲ ಸಾಧ್ಯತೆಗಳನ್ನೂ ಮೊದಲೇ ಚಿತ್ರೀಕರಿಸಿ ಇಟ್ಟ ಪ್ರಯೋಗಾಲಯ ಬಳಸಬೇಕು. ದೇವುಸ್ತೊ ತಂಡದಿಂದ ಹೊರಬಂದ ಲ್ಯಾಬ್ಸ್‌ಲ್ಯಾಂಡ್ ಕಂಪನಿ ಈ ಎರಡನೇ ದಾರಿಯನ್ನೂ ಹಿಡಿದಿದೆ.

ದುಡ್ಡು ನಿಂತ ಮೇಲೆ

ಕ್ರೋಮ್ ಬ್ರೌಸರ್ 2015ರ ಸೆಪ್ಟೆಂಬರ್‌ನಲ್ಲಿ ಜಾವಾ ಆ್ಯಪ್ಲೆಟ್‌ಗಳನ್ನು (ಪುಟದೊಳಗೆ ಓಡುವ ಪುಟ್ಟ ಪ್ರೋಗ್ರಾಂಗಳನ್ನು) ನಡೆಸುವ ಹಳೆಯ ಪ್ಲಗಿನ್ ವ್ಯವಸ್ಥೆಯನ್ನು ಪೂರ್ತಿ ಕೈಬಿಟ್ಟಿತು. ಇಂತಹದೇ ಹಳೆಯ ತಂತ್ರಜ್ಞಾನವಾದ ಫ್ಲ್ಯಾಶ್‌ಗೆ ಬೆಂಬಲ 2020ರ ಡಿಸೆಂಬರ್ 31ಕ್ಕೆ ಮುಗಿದು, 2021ರ ಜನವರಿ 12ರಿಂದ ಅದರ ಕಡತಗಳು ತೆರೆಯುವುದೇ ನಿಂತಿತು. ಆ ಎರಡು ತಂತ್ರಜ್ಞಾನಗಳಲ್ಲಿ ಕಟ್ಟಿದ ಪ್ರಯೋಗಾಲಯಗಳನ್ನು, ಇಂದಿನ ಬ್ರೌಸರ್‌ಗಳು ನೇರವಾಗಿ ಓದುವ ಎಚ್‌ಟಿಎಂಎಲ್5ಗೆ ಯಾರಾದರೂ ಮತ್ತೆ ಬರೆಯಬೇಕು, ಇಲ್ಲದಿದ್ದರೆ ಅವು ಸತ್ತಂತೆ. ಬರೆಯಲು ಸಂಬಳ ಬೇಕು. ಒಪ್ಪಂದದ ಕೊನೆಯ ದಿನಾಂಕದ ನಂತರದ ಖರ್ಚನ್ನು ಅನುದಾನ ಭರಿಸುವುದಿಲ್ಲ. ಸಣ್ಣ ಅಡ್ಡಿಗಳೂ ಇವೆ: ಪಾಠದ ಪುಟ ಸುರಕ್ಷಿತ ಸಂಪರ್ಕದ ಎಚ್‌ಟಿಟಿಪಿಎಸ್‌ನಲ್ಲಿದ್ದು ಒಳಗೆ ಜೋಡಿಸಿದ ಪ್ರಯೋಗಾಲಯ ಹಳೆಯ ಎಚ್‌ಟಿಟಿಪಿಯಲ್ಲಿದ್ದರೆ ಬ್ರೌಸರ್ ಅದನ್ನು ತಡೆಯುತ್ತದೆ, ಮಗುವಿಗೆ ಕಾಣುವುದು ಬಿಳಿ ಚೌಕ. ತಪ್ಪು ಶಿಕ್ಷಕರದಲ್ಲ, ವಿಳಾಸದ http ಅನ್ನು https ಎಂದು ಬದಲಿಸಿದರೆ ಕೆಲವೊಮ್ಮೆ ಸರಿಹೋಗುತ್ತದೆ.

ಅನುದಾನದ ಲೆಕ್ಕವನ್ನೂ ಇದರ ಜೊತೆ ಓದಬೇಕು. ಏಳನೇ ಚೌಕಟ್ಟಿನಲ್ಲಿ ವಿಶ್ವವಿದ್ಯಾಲಯಗಳಿಗೆ ಸಂಶೋಧನಾ ವೆಚ್ಚದ ಶೇ 75 ಸಿಗುತ್ತಿತ್ತು. ಹೊರೈಜನ್ 2020ರಲ್ಲಿ ಲಾಭರಹಿತ ಸಂಸ್ಥೆಗಳಿಗೆ ಪೂರ್ತಿ ವೆಚ್ಚ, ಅದರ ಮೇಲೆ ಪರೋಕ್ಷ ವೆಚ್ಚಕ್ಕೆ ಶೇ 25. ಗೋ-ಲ್ಯಾಬ್‌ನ ಹಿಂದೆಯೇ ನೆಕ್ಸ್ಟ್-ಲ್ಯಾಬ್ ಬಂದದ್ದನ್ನು ಈ ಬೆಳಕಿನಲ್ಲಿ ನೋಡಿ: ಹೊಸ ಅನುದಾನ ಹೊಸ ಕೆಲಸಕ್ಕೆ ಎಷ್ಟು ಬೇಕೋ ಹಳೆಯದು ಓಡುತ್ತಿರಲೂ ಅಷ್ಟೇ ಬೇಕು.

ಎರಾಸ್ಮಸ್+ ಬೇರೆ ದಾರಿ

ಮೇಲಿನವು ಸಂಶೋಧನಾ ನಿಧಿ. ಶಾಲೆ, ಕಾಲೇಜು, ತರಬೇತಿ ಕೇಂದ್ರಗಳು ಸೇರಿ ಮಾಡುವ ಸಣ್ಣ ಯೋಜನೆಗಳಿಗೆ ಒಕ್ಕೂಟದ ಶಿಕ್ಷಣ ಕಾರ್ಯಕ್ರಮವಾದ ಎರಾಸ್ಮಸ್+ ಇದೆ. 2021ರಿಂದ 2027ರ ಅವಧಿಗೆ ಸುಮಾರು 26 ಶತಕೋಟಿ ಯೂರೋ. ಇದರ ಸಹಕಾರ ಪಾಲುದಾರಿಕೆಗೆ ಮೂರು ಬೇರೆ ಬೇರೆ ದೇಶಗಳ ಕನಿಷ್ಠ ಮೂರು ಸಂಸ್ಥೆಗಳು ಬೇಕು, ಅವಧಿ 12ರಿಂದ 36 ತಿಂಗಳು. ಮೊತ್ತ ಇಡಿಗಂಟು: 1,20,000, 2,50,000 ಅಥವಾ 4,00,000 ಯೂರೋ. ಅರ್ಜಿಗೆ 100 ಅಂಕ: ಪ್ರಸ್ತುತತೆ 25, ವಿನ್ಯಾಸ ಮತ್ತು ಅನುಷ್ಠಾನ 30, ಪಾಲುದಾರಿಕೆ 20, ಪರಿಣಾಮ 25. ಒಟ್ಟು ಕನಿಷ್ಠ 60 ಬರಬೇಕು, ಪ್ರತಿ ವಿಭಾಗದಲ್ಲೂ ಅರ್ಧ ಬರಬೇಕು. ಹಾಗಾಗಿ ಒಟ್ಟು 80 ಬಂದರೂ ಪಾಲುದಾರಿಕೆಯಲ್ಲಿ 9 ಬಂದರೆ ಅರ್ಜಿ ಹೊರಗೆ. ಯೋಜನೆ ನಿರ್ವಹಣೆಗೆ ಒಟ್ಟು ಮೊತ್ತದ ಶೇ 20ಕ್ಕಿಂತ ಹೆಚ್ಚು ಇಡುವಂತಿಲ್ಲ. ಇಡಿಗಂಟು ಪದ್ಧತಿಯಲ್ಲಿ ರಸೀದಿಗಳ ಲೆಕ್ಕಕ್ಕಿಂತ ಕೆಲಸದ ಲೆಕ್ಕ ಮುಖ್ಯ. ಒಪ್ಪಿಕೊಂಡ ಕೆಲಸದ ಭಾಗವೊಂದು ಆಗದಿದ್ದರೆ ಅದರ ದುಡ್ಡು ಕಡಿತವಾಗುತ್ತದೆ.

ಭಾರತದ ವಿಶ್ವವಿದ್ಯಾಲಯಗಳಿಗೆ ಇದರಲ್ಲಿ ನೇರವಾಗಿ ತೆರೆದಿರುವ ಬಾಗಿಲುಗಳಲ್ಲಿ ಒಂದು ಉನ್ನತ ಶಿಕ್ಷಣದ ಸಾಮರ್ಥ್ಯವರ್ಧನೆ ವಿಭಾಗ. ಕರ್ನಾಟಕದ ಕಾಲೇಜಿನಲ್ಲಿರುವವರು ಅರ್ಜಿ ಆಹ್ವಾನ ಓದುವಾಗ ಮೊದಲು ಆ ವಿಭಾಗ ತೆರೆಯಿರಿ. ಎರಾಸ್ಮಸ್+ ದುಡ್ಡಿನಲ್ಲಿ ತಯಾರಾದ ಬೋಧನಾ ಸಾಮಗ್ರಿಯನ್ನು ಮುಕ್ತ ಪರವಾನಗಿಯಲ್ಲಿ ಎಲ್ಲರಿಗೂ ಕೊಡಬೇಕೆಂಬ ನಿಯಮ ಇದೆ. ಹಾಗೆ ಸಿಕ್ಕಿದ ಪಾಠವನ್ನು ಕನ್ನಡಕ್ಕೆ ತರುವ ಮೊದಲು ಪರವಾನಗಿಯ ಸಾಲನ್ನು ಪೂರ್ತಿ ಓದಿ, ಮಾರ್ಪಾಡಿಗೆ ಅನುಮತಿ ಇದೆಯೇ ನೋಡಿ. ಇದ್ದರೆ ಕೊಂಡಿಯನ್ನು ನೆಚ್ಚಿ ಕೂರದೆ ಕಡತಗಳನ್ನು ಅಂದೇ ಇಳಿಸಿಕೊಂಡು ಇಟ್ಟುಕೊಳ್ಳಿ.