ಮೋವರ್ ಬೆಲ್ಟ್ ಜಾರುತ್ತಿದೆ, ರಾಳ ಹಚ್ಚಲೇ?

ಪ್ರಶ್ನೆ: ನಮ್ಮ ಹೋಂಸ್ಟೇ ಅಂಗಳದ ಹುಲ್ಲಿಗೆ ತಾನೇ ಮುಂದೆ ಸಾಗುವ ಪೆಟ್ರೋಲ್ ಮೋವರ್ ಇದೆ. ಇಂಜಿನ್ ಸರಿಯಾಗಿದೆ, ಬ್ಲೇಡೂ ತಿರುಗುತ್ತೆ. ದಿಬ್ಬ ಬಂದರೆ ಮಾತ್ರ ಚಕ್ರ ಎಳೆಯಲ್ಲ, ನಾವೇ ದೂಡಬೇಕು. ಬೆಲ್ಟಿಗೆ ರಾಳ ಹಚ್ಚಿ ಅಂತಾರೆ. ಹಚ್ಚಬಹುದಾ?

ಹಚ್ಚಬಾರದು. ಈ ಒಂದು ಪದದಲ್ಲೇ ಉತ್ತರ ಮುಗಿಯಬೇಕಿತ್ತು. ಆದರೆ ಮಳೆ ಹಿಡಿದು ಹುಲ್ಲು ಮೊಣಕಾಲು ಮುಟ್ಟಿದ ಕೂಡಲೇ ತೀರ್ಥಹಳ್ಳಿ, ಹೊಸನಗರ, ಸಾಗರ ಎಲ್ಲ ಕಡೆಯಿಂದಲೂ ಇದೇ ಪ್ರಶ್ನೆ ಬರುತ್ತದೆ. ಬೇಡ ಅಂದರೆ "ನಮ್ಮಜ್ಜನ ಕಾಲದಿಂದ ಹಚ್ತಾರಲ್ಲ" ಎಂಬ ಮರುಪ್ರಶ್ನೆಯೂ ತಪ್ಪದೆ ಬರುತ್ತದೆ. ರಾಳಕ್ಕೆ ಹುಡುಕಾಟವೂ ಬೇಡ. ಕೊಳೆ ರೋಗಕ್ಕೆ ಔಷಧಿ ಹೊಡೆಯುವಾಗ ಅಂಟಿಗೆಂದು ತಂದದ್ದು ಅಡಿಕೆ ತೋಟದವರ ಮನೆಯ ಮೂಲೆಯಲ್ಲಿ ಸ್ವಲ್ಪ ಉಳಿದೇ ಇರುತ್ತದೆ.

ಅಜ್ಜನ ಕಾಲದಲ್ಲಿ ಹಚ್ಚುತ್ತಿದ್ದುದು ನಿಜ. ಯಾವುದಕ್ಕೆ ಅನ್ನುವುದು ಮುಖ್ಯ. ಹಳೆಯ ಅಕ್ಕಿ ಗಿರಣಿಗಳಲ್ಲಿ ಇದ್ದದ್ದು ಚಪ್ಪಟೆ ಪಟ್ಟಾ. ಅದು ಹಿಡಿಯುವುದು ಒಳಮೈಯಿಂದ, ಪುಲ್ಲಿಯ ನುಣುಪು ಬೆನ್ನಿನ ಮೇಲೆ. ಅಲ್ಲಿ ಮೈ ಅಂಟಂಟಾದರೆ ಹಿಡಿತ ಹೆಚ್ಚುತ್ತದೆ, ಆದ್ದರಿಂದ ರಾಳಕ್ಕೆ ಅರ್ಥವಿತ್ತು. ನಿಮ್ಮ ಮೋವರಿನಲ್ಲಿರುವುದು ವಿ-ಬೆಲ್ಟ್. ಇದು ಕೊಡಲಿ ಕಾವಿಗೆ ಹೊಡೆದ ಬೆಣೆಯಂತೆ ಪುಲ್ಲಿಯ ಗ್ರೂವಿನೊಳಗೆ ಇಳಿದು ಎರಡು ಪಕ್ಕೆಗಳಿಂದ ಹಿಡಿಯುತ್ತದೆ. ಗ್ರೂವಿನ ಕೋನ ಸಾಮಾನ್ಯವಾಗಿ 34ರಿಂದ 38 ಡಿಗ್ರಿ. ಈ ಬೆಣೆಯಿಂದಾಗಿಯೇ ಅಷ್ಟೇ ಬಿಗಿಗೆ ಚಪ್ಪಟೆ ಪಟ್ಟಾದ ಸುಮಾರು ಮೂರು ಪಟ್ಟು ಹಿಡಿತ ಸಿಗುತ್ತದೆ. ಬೆಲ್ಟಿನ ತಳ ಗ್ರೂವಿನ ತಳಕ್ಕೆ ತಾಗಲೇಬಾರದು. ತಾಗಿತೆಂದರೆ ಬೆಣೆ ಕೆಲಸ ನಿಲ್ಲಿಸಿದೆ ಎಂದರ್ಥ, ಆಮೇಲೆ ಪಕ್ಕೆಗೆ ಏನು ಬಳಿದರೂ ವ್ಯರ್ಥ.

ಇನ್ನೊಂದು ಕಾರಣ ಇದಕ್ಕಿಂತ ದೊಡ್ಡದು. ಇಂಥ ಬಹುತೇಕ ಮೋವರುಗಳಲ್ಲಿ ಬೆಲ್ಟೇ ಕ್ಲಚ್ಚು. ಹಿಡಿಯ ಮೇಲಿನ ಲಿವರ್ ಒತ್ತಿದರೆ ಕೇಬಲ್ಲು ಹಿಂದಿನ ಗೇರ್‌ಬಾಕ್ಸನ್ನೋ ಒಂದು ಒತ್ತು-ಪುಲ್ಲಿಯನ್ನೋ ಎಳೆದು ಬೆಲ್ಟನ್ನು ಬಿಗಿ ಮಾಡುತ್ತದೆ. ಲಿವರ್ ಬಿಟ್ಟರೆ ಬೆಲ್ಟ್ ಸಡಿಲಾಗಿ, ಇಂಜಿನ್ ಪುಲ್ಲಿ ಅದರೊಳಗೆ ಸುಮ್ಮನೆ ತಿರುಗುತ್ತಿರಬೇಕು. ಅಂದರೆ ಹಿಡಿಯುವುದಷ್ಟೇ ಅಲ್ಲ, ಬಿಡುವುದೂ ಈ ಬೆಲ್ಟಿನ ಕೆಲಸ. ರಾಳ ಹಚ್ಚಿದ ಬೆಲ್ಟ್ ಬಿಡುವುದಿಲ್ಲ. ಲಿವರ್ ಬಿಟ್ಟರೂ ಮೆಷಿನ್ ತೆವಳುತ್ತಲೇ ಹೋಗುತ್ತದೆ, ಕೆಳಗೆ ಬ್ಲೇಡ್ ತಿರುಗುತ್ತಿರುವಾಗ. ಜೊತೆಗೆ ಬಿಸಿಗೆ ಕರಗಿದ ರಾಳ ಹುಲ್ಲಿನ ಪುಡಿ, ಕೆಂಪು ಮಣ್ಣಿನ ಧೂಳನ್ನೆಲ್ಲ ಕಟ್ಟಿಕೊಂಡು ತಣಿದಾಗ ಗಾಜಿನಂತೆ ಗಟ್ಟಿಯಾಗುತ್ತದೆ. ಎರಡು ದಿನ ಚೆನ್ನಾಗಿ ಎಳೆದು ಮೂರನೇ ದಿನ ಮೊದಲಿಗಿಂತ ಹೆಚ್ಚು ಜಾರುವುದು ಇದಕ್ಕೇ. ಈಗಾಗಲೇ ಹಚ್ಚಿಬಿಟ್ಟಿದ್ದರೆ ಬೆಲ್ಟ್ ಬಿಚ್ಚಿ, ಪುಲ್ಲಿಯನ್ನು ಥಿನ್ನರ್ ಬಟ್ಟೆಯಿಂದ ಒರೆಸಿ ಒಣಗಿಸಿ. ಬೆಲ್ಟನ್ನು ಥಿನ್ನರಿನಲ್ಲಾಗಲಿ ಪೆಟ್ರೋಲಿನಲ್ಲಾಗಲಿ ತೊಳೆಯಬೇಡಿ, ರಬ್ಬರ್ ಉಬ್ಬುತ್ತದೆ. ಸೋಪು, ಗ್ರೀಸು, ಸೀಮೆಎಣ್ಣೆ ಹಚ್ಚಲೇ ಎಂದು ಕೇಳುವವರಿಗೂ ಉತ್ತರ ಇದೇ.

ಹಾಗಾದರೆ ಜಾರುವುದೇಕೆ? ಬಹಳ ಸಲ ಬೆಲ್ಟಿನ ತಪ್ಪೇ ಇರುವುದಿಲ್ಲ, ಕೇಬಲ್ ಹಿಗ್ಗಿರುತ್ತದೆ. ಸೈಕಲ್ ಬ್ರೇಕಿನಂತೆ ಕೇಬಲ್ಲಿನಲ್ಲಿ ಒಂದು ಅಡ್ಜಸ್ಟರ್ ನಟ್ ಇರುತ್ತದೆ. ಒಂದೊಂದೇ ಸುತ್ತು ತಿರುಗಿಸಿ ನೋಡಿ. ಇಂಜಿನ್ ನಿಲ್ಲಿಸಿ, ಲಿವರ್ ಒತ್ತಿ ಹಿಡಿದು ಮೆಷಿನ್ನನ್ನು ಹಿಂದಕ್ಕೆ ಎಳೆದರೆ ಎಳೆಯುವ ಚಕ್ರಗಳು ಉರುಳದೆ ಕಚ್ಚಿಕೊಳ್ಳಬೇಕು. ಲಿವರ್ ಬಿಟ್ಟು ಮುಂದೆ ದೂಡಿದರೆ ಸಲೀಸಾಗಿ ಉರುಳಬೇಕು. ಎರಡೂ ಸರಿಯಿದ್ದರೆ ನಟ್ಟಿಗೆ ಕೈ ಹಾಕಬೇಡಿ. ಬಿಗಿ ಇದ್ದಷ್ಟೂ ಒಳ್ಳೆಯದು ಎಂದು ಕೊನೆಯವರೆಗೂ ತಿರುಗಿಸಿದರೆ ಬೆಲ್ಟ್ ಸದಾ ಉಜ್ಜಿಕೊಂಡು ಸುಟ್ಟ ವಾಸನೆ ಬರುತ್ತದೆ, ಆಮೇಲೆ ಗೇರ್‌ಬಾಕ್ಸಿನ ಬೇರಿಂಗ್ ಹೋಗುತ್ತದೆ.

ಅಡ್ಜಸ್ಟರ್ ಮುಗಿಯುವವರೆಗೂ ಹೋಗಿ ಇನ್ನೂ ಜಾರಿದರೆ ಬೆಲ್ಟ್ ಬದಲಿಸುವ ಹೊತ್ತು. ಪ್ಲಗ್ಗಿನ ಕ್ಯಾಪ್ ಕಿತ್ತು ದೂರ ಇಡಿ, ಇದನ್ನು ಯಾವ ಕಾರಣಕ್ಕೂ ಮರೆಯಬೇಡಿ. ಟ್ಯಾಂಕ್ ಬಹುತೇಕ ಖಾಲಿ ಇರಲಿ. ಕಾರ್ಬ್ಯುರೇಟರ್ ಮತ್ತು ಏರ್ ಫಿಲ್ಟರ್ ಮೇಲೆ ಬರುವಂತೆ ಮೆಷಿನ್ನನ್ನು ಪಕ್ಕಕ್ಕೆ ಮಲಗಿಸಿ. ಅವು ಕೆಳಗಾಗುವಂತೆ ಮಲಗಿಸಿದರೆ ಇಂಜಿನ್ನಿನ ಆಯಿಲ್ಲು ಏರ್ ಫಿಲ್ಟರಿಗೆ ಇಳಿದು ಮರುದಿನ ಬಿಳಿ ಹೊಗೆ. ಬ್ಲೇಡಿಗೆ ಮರದ ತುಂಡು ಅಡ್ಡ ಕೊಟ್ಟು ನಡುವಿನ ಬೋಲ್ಟನ್ನು ಬಿಚ್ಚಿ. ಬ್ಲೇಡ್ ಕೂರುವ ಹಬ್ ತೆಗೆಯುವಾಗ ಒಳಗಿನ ಸಣ್ಣ ಲೋಹದ ಕೀ ಬಿದ್ದು ಹೋಗದಂತೆ ನೋಡಿಕೊಳ್ಳಿ. ಬೆಲ್ಟ್ ಕವರಿನ ಸ್ಕ್ರೂ ತೆಗೆದು, ಹಳೆಯ ಬೆಲ್ಟ್ ಹೋದ ದಾರಿಯನ್ನು ಮೊಬೈಲಿನಲ್ಲಿ ಫೋಟೋ ಹಿಡಿದುಕೊಂಡು ಆಮೇಲೆ ಬಿಚ್ಚಿ.

ಹೊಸದು ಹಾಕುವ ಮೊದಲು ಪುಲ್ಲಿ ನೋಡಿ. ನಮ್ಮ ಮಳೆಗಾಲದಲ್ಲಿ ಕವರಿನೊಳಗೆ ಒದ್ದೆ ಹುಲ್ಲು ಕೊಳೆತು ಪುಲ್ಲಿಗೆ ತುಕ್ಕು ಹಿಡಿಯುತ್ತದೆ, ತುಕ್ಕು ಹಿಡಿದ ಗ್ರೂವು ಹೊಸ ಬೆಲ್ಟನ್ನು ಉಪ್ಪುಕಾಗದದಂತೆ ತೇಯುತ್ತದೆ. ನುಣ್ಣನೆಯ ಎಮರಿಯಿಂದ ಉಜ್ಜಿ ಒರೆಸಿ. ಗ್ರೂವಿನ ತಳ ಕನ್ನಡಿಯಂತೆ ಹೊಳೆಯುತ್ತಿದ್ದರೆ ಪಕ್ಕೆ ಸವೆದು ಬೆಲ್ಟ್ ತಳ ಮುಟ್ಟಿತ್ತೆಂದು ಲೆಕ್ಕ, ಪುಲ್ಲಿಯನ್ನೂ ಬದಲಿಸಬೇಕು. ಹೊಸ ಬೆಲ್ಟ್ ತಿರುಚದೆ, ಅದು ಪುಲ್ಲಿಯಿಂದ ಹಾರದಂತೆ ತಡೆಯುವ ಕಾವಲು ಕಡ್ಡಿಗಳ ಒಳಗಿನಿಂದಲೇ ಹೋಗಲಿ. ಸ್ಕ್ರೂಡ್ರೈವರಿನಿಂದ ಮೀಟಿ ಹಾಕಿದರೆ ಒಳಗಿನ ನೂಲು ಕಡಿಯುತ್ತದೆ. ಬ್ಲೇಡಿನ ಎತ್ತಿದ ರೆಕ್ಕೆ ಡೆಕ್ಕಿನ, ಅಂದರೆ ಬ್ಲೇಡನ್ನು ಮುಚ್ಚುವ ಮೇಲಿನ ಕವಚದ, ಕಡೆ ಇರಬೇಕು. ಬೋಲ್ಟಿನ ಬಿಗಿ ಸಾಮಾನ್ಯವಾಗಿ 40ರಿಂದ 60 ನ್ಯೂಟನ್ ಮೀಟರ್, ನಿಮ್ಮ ಮೆಷಿನ್ನಿನ ಪುಸ್ತಕ ಏನು ಹೇಳುತ್ತದೋ ಅದೇ ಕೊನೆ. ಕಡೆಗೆ ಕೇಬಲ್ಲನ್ನು ಮತ್ತೆ ಮೊದಲಿನಿಂದ ಹೊಂದಿಸಿ. ಹಳೆಯ ಬೆಲ್ಟಿಗೆ ಬಿಗಿ ಮಾಡಿದ ಕೇಬಲ್ ಹೊಸದಕ್ಕೆ ಅತಿಯಾಗುತ್ತದೆ.

ಯಾರೂ ಕೇಳದ ಪ್ರಶ್ನೆಯೊಂದಿದೆ, ಕೇಳಿದ್ದರೆ ಅರ್ಧ ಜನರ ತಾಪತ್ರಯ ತಪ್ಪುತ್ತಿತ್ತು: ಬೆಲ್ಟಿನ ನಂಬರು ಏನು ಹೇಳುತ್ತದೆ? ಹಾರ್ಡ್‌ವೇರ್ ಅಂಗಡಿಯ ಎ-36 ಅಂದರೆ ಒಳ ಅಳತೆ 36 ಇಂಚು. ಮೋವರ್ ಬೆಲ್ಟುಗಳಲ್ಲಿ ಕಾಣುವ 4ಎಲ್ 380 ಅಂದರೆ ಹೊರ ಅಳತೆ 38 ಇಂಚು. ಎರಡೂ ಅರ್ಧ ಇಂಚು ಅಗಲ, ಹೆಚ್ಚುಕಡಿಮೆ ಒಂದೇ ಉದ್ದ. ಇದು ಗೊತ್ತಿಲ್ಲದೆ 38 ಬೇಕೆಂದು ಎ-38 ತಂದವರ ಬೆಲ್ಟ್ ಎರಡು ಇಂಚು ಉದ್ದವಾಗಿ ಮೊದಲ ದಿನವೇ ಜಾರುತ್ತದೆ, ಅವರೇ ಆಮೇಲೆ ರಾಳ ಹುಡುಕುವುದು. ಉದ್ದ ಸರಿ ಬಂದರೂ ಅಡಿಕೆ ಸುಲಿಯುವ ಮೆಷಿನ್ನಿನ ಸಾಮಾನ್ಯ ಬೆಲ್ಟ್ ಇಲ್ಲಿಗೆ ಆಗುವುದಿಲ್ಲ. ಕ್ಲಚ್ಚಿನಂತೆ ಹಿಡಿದು ಬಿಡುವ ಬೆಲ್ಟಿಗೆ ಹೊರಗೆ ಉಜ್ಜಾಟ ತಡೆಯುವ ಬಟ್ಟೆಯ ಹೊದಿಕೆ, ಒಳಗೆ ಹಿಗ್ಗದ ಗಟ್ಟಿ ನೂಲು ಬೇಕು.

ಅಡಿಕೆ ಸುಲಿಯುವ ಮೆಷಿನ್ನಿನ ಮಾತು ಬಂತಲ್ಲ, ಅಲ್ಲಿ ಮೋಟಾರು ಒಂದೇ ಕಡೆ ಕೂತಿರುವುದರಿಂದ ಬಿಗಿಯನ್ನು ಅಳೆದೇ ನೋಡಬಹುದು. ಎರಡು ಪುಲ್ಲಿಗಳ ನಡುವೆ ಮೀಟರಿಗೆ 16 ಮಿಲಿಮೀಟರ್ ಲೆಕ್ಕದಲ್ಲಿ, ಅಂದರೆ ಅರ್ಧ ಮೀಟರ್ ಅಂತರಕ್ಕೆ 8 ಮಿಲಿಮೀಟರ್, ಬೆರಳಿನಲ್ಲಿ ಒತ್ತಿದಾಗ ಬೆಲ್ಟ್ ತಗ್ಗಬೇಕು. ಹೊಸ ಬೆಲ್ಟಾದರೆ ಮೊದಲ ದಿನದ ಸುಲಿತ ಮುಗಿದ ಮೇಲೆ ಇನ್ನೊಮ್ಮೆ ಒತ್ತಿ ನೋಡಿ, ಮೋಟಾರಿನ ಬೋಲ್ಟ್ ಸಡಿಲಿಸಿ ಸರಿಪಡಿಸಿ.