ಐದರ ಮಗ್ಗಿ ಬಾರದ ಮಗುವಿಗೆ ಗಡಿಯಾರ ಕಲಿಸಬಹುದೇ?

ಪ್ರಶ್ನೆ: ನನ್ನ ಮಗಳಿಗೆ ಆರೂವರೆ ವರ್ಷ. ಮೂರು ಗಂಟೆ, ನಾಲ್ಕೂವರೆ ಇವನ್ನೆಲ್ಲ ಗಡಿಯಾರ ನೋಡಿ ಸರಿಯಾಗಿ ಹೇಳುತ್ತಾಳೆ. ಆದರೆ 2:50 ಆಗಿದ್ದರೆ 3:50 ಎನ್ನುತ್ತಾಳೆ. ರಟ್ಟಿನ ಗಡಿಯಾರ ಮಾಡಿಕೊಟ್ಟು ಅಭ್ಯಾಸ ಮಾಡಿಸಿದರೂ ಅದೇ ತಪ್ಪು. ಐದರ ಮಗ್ಗಿ ಬಾಯಿಪಾಠವಾಗುವವರೆಗೆ ಗಡಿಯಾರವನ್ನು ಬದಿಗಿಡಲೇ?

ಉತ್ತರ: ಬೇಡ, ಬದಿಗಿಡಬೇಕಾದದ್ದು ಮಗ್ಗಿಯನ್ನು. ಈ ಪ್ರಶ್ನೆ ಬರದ ತಿಂಗಳಿಲ್ಲ. ಒಮ್ಮೆ 2:50ರ ಜಾಗದಲ್ಲಿ 6:55 ಇರುತ್ತದೆ, ಇನ್ನೊಮ್ಮೆ ಮಗಳ ಜಾಗದಲ್ಲಿ ಮೊಮ್ಮಗ ಇರುತ್ತಾನೆ. ಕೊನೆಯ ಸಾಲಿನಲ್ಲಿ ಐದರ ಮಗ್ಗಿ ಮಾತ್ರ ತಪ್ಪುವುದಿಲ್ಲ. ಆದ್ದರಿಂದ ಈ ಸಲ ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ.

ನಿಮ್ಮ ಮಗಳ ತಪ್ಪನ್ನು ಇನ್ನೊಮ್ಮೆ ನೋಡಿ. ಐವತ್ತು ನಿಮಿಷವನ್ನು ಅವಳು ಸರಿಯಾಗಿಯೇ ಓದಿದ್ದಾಳೆ. ತಪ್ಪಿರುವುದು ಗಂಟೆ. ಐದರ ಮಗ್ಗಿ ನೆರವಾಗುವುದು ನಿಮಿಷ ಓದುವುದಕ್ಕೆ, ಅದು ಅವಳಿಗೆ ಹೇಗೋ ಬಂದೇ ಬಿಟ್ಟಿದೆ. ಬಂದದ್ದನ್ನೇ ಉರು ಹೊಡೆಸುತ್ತ ಕುಳಿತರೆ ಬಾರದ್ದು ಬರುವುದು ಹೇಗೆ? ಹತ್ತರವರೆಗೆ ಮಗ್ಗಿ ಹೇಳುವ ಮಕ್ಕಳೂ 2:50ನ್ನು 3:50 ಎಂದೇ ಓದುವುದನ್ನು ತರಗತಿಯಲ್ಲಿ ಎಷ್ಟೋ ಸಲ ಕಂಡಿದ್ದೇನೆ.

ಹಾಗೆ ಓದಲು ಕಾರಣವಿದೆ. ಗಂಟೆ ಮುಳ್ಳು ಒಂದು ಗಂಟೆಯಲ್ಲಿ ಸರಿಯುವುದು 30 ಡಿಗ್ರಿ, ಅಂದರೆ ನಿಮಿಷಕ್ಕೆ ಅರ್ಧ ಡಿಗ್ರಿ. 2:50ಕ್ಕೆ ಅದು ಮೂರನ್ನು ಮುಟ್ಟಲು ಕೇವಲ 5 ಡಿಗ್ರಿ ಬಾಕಿ. ದೊಡ್ಡವರ ಕಣ್ಣಿಗೂ ಅದು ಮೂರರ ಮೇಲೆಯೇ ಇದ್ದಂತೆ ಕಾಣುತ್ತದೆ. ನಾವು ನಿಮಿಷದ ಮುಳ್ಳನ್ನು ನೋಡಿ ಮನಸ್ಸಿನಲ್ಲೇ ತಿದ್ದಿಕೊಳ್ಳುತ್ತೇವೆ, ಮಗು ಕಂಡದ್ದನ್ನು ಕಂಡಂತೆ ಹೇಳುತ್ತದೆ.

ಮಗ್ಗಿ ಮೊದಲು, ಗಡಿಯಾರ ಆಮೇಲೆ ಎಂಬ ನಂಬಿಕೆ ಎಷ್ಟು ಪೊಳ್ಳು ಎಂದು ತಿಳಿಯಲು ಗಡಿಯಾರದ ಚರಿತ್ರೆಯನ್ನೇ ನೋಡಬಹುದು. ಯುರೋಪಿನ ಗೋಪುರಗಳಲ್ಲಿ ಯಂತ್ರದ ಗಡಿಯಾರಗಳು ಬಂದ ಮೇಲೆ ಶತಮಾನಗಳ ಕಾಲ ಅವುಗಳ ಮುಖದ ಮೇಲೆ ಇರುತ್ತಿದ್ದದ್ದು ಸಾಮಾನ್ಯವಾಗಿ ಒಂದೇ ಮುಳ್ಳು, ಗಂಟೆಯದು. ಯಂತ್ರವೇ ದಿನಕ್ಕೆ ಹಲವು ನಿಮಿಷ ಹಿಂದೆಮುಂದೆ ಆಗುತ್ತಿದ್ದಾಗ ನಿಮಿಷದ ಮುಳ್ಳಿಟ್ಟು ಪ್ರಯೋಜನವೇನು? 1656ರಲ್ಲಿ ಕ್ರಿಶ್ಚಿಯಾನ್ ಹೈಗನ್ಸ್ ಲೋಲಕದ ಗಡಿಯಾರವನ್ನು ರೂಪಿಸಿದ ಮೇಲೆಯೇ ನಿಮಿಷದ ಮುಳ್ಳು ಮಾಮೂಲಾದದ್ದು. ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಆಬಿಯ ಗೋಪುರದ ಗಡಿಯಾರಕ್ಕೆ ಈಗಲೂ ಒಂದೇ ಮುಳ್ಳು. ಅಷ್ಟು ತಲೆಮಾರುಗಳ ಜನ ಆ ಒಂಟಿ ಮುಳ್ಳು ಎರಡರಿಂದ ಎಷ್ಟು ದೂರ ಬಂದಿದೆ, ಮೂರಕ್ಕೆ ಎಷ್ಟು ದೂರವಿದೆ ಎಂದು ನೋಡಿಯೇ ಹೊತ್ತು ಹೇಳುತ್ತಿದ್ದರು. ಅದಕ್ಕೆ ಮಗ್ಗಿ ಬೇಕಾಗಿರಲಿಲ್ಲ. ನಾವು ಮಕ್ಕಳಿಗೆ ಅವಸರದಲ್ಲಿ ದಾಟಿಸಿಬಿಡುವುದು ಈ ಹೆಜ್ಜೆಯನ್ನೇ.

ಇನ್ನು ನಿಮ್ಮ ರಟ್ಟಿನ ಗಡಿಯಾರ. ಬೇಸರ ಮಾಡಿಕೊಳ್ಳಬೇಡಿ, ತಪ್ಪನ್ನು ಗಟ್ಟಿ ಮಾಡುತ್ತಿರುವುದು ಅದೇ. ಅದರಲ್ಲಿ ಎರಡು ಮುಳ್ಳುಗಳಿಗೂ ಸಂಬಂಧವಿಲ್ಲ. ನಿಮಿಷದ ಮುಳ್ಳನ್ನು ಹತ್ತಕ್ಕೆ ತಿರುಗಿಸಿದರೂ ಗಂಟೆ ಮುಳ್ಳು ಎರಡರ ಮೇಲೆ ಅಲುಗದೆ ಕುಳಿತಿರುತ್ತದೆ. ಅದನ್ನೇ ನೋಡಿ ಅಭ್ಯಾಸವಾದ ಮಗುವಿಗೆ ಗೋಡೆಯ ಗಡಿಯಾರ ಬೇರೆಯದೇ ಯಂತ್ರದಂತೆ ಕಾಣುತ್ತದೆ.

ಹಳೆಯದೊಂದು ಗೋಡೆ ಗಡಿಯಾರ ಹುಡುಕಿ. ಮುಂದಿನ ಗಾಜು ತೆಗೆದು, ಸೆಕೆಂಡ್ ಮುಳ್ಳನ್ನೂ ನಿಮಿಷದ ಮುಳ್ಳನ್ನೂ ಮೆಲ್ಲಗೆ ಮೇಲಕ್ಕೆಳೆದರೆ ಕಳಚಿಕೊಳ್ಳುತ್ತವೆ. ಕೆಲವದರಲ್ಲಿ ಚಿಕ್ಕ ನಟ್ ಇರುತ್ತದೆ, ಅದನ್ನು ಬಿಚ್ಚಬೇಕು. ಗಂಟೆ ಮುಳ್ಳೊಂದೇ ಉಳಿಯಲಿ. ಮುಖದ ಮೇಲೆ ಎರಡು ಅಂಕಿಗಳ ನಡುವಿನ ಒಂದೊಂದು ಜಾಗಕ್ಕೂ ಒಂದೊಂದು ಬಣ್ಣ ಹಚ್ಚಿಸಿ. ಎರಡರಿಂದ ಮೂರರವರೆಗಿನದು ಎರಡರ ಮನೆ. ಮುಳ್ಳು ಮೂರನ್ನು ಮುಟ್ಟುವವರೆಗೂ, ಹೊಸ್ತಿಲಿಗೆ ಬಂದು ನಿಂತಿದ್ದರೂ, ಅದು ಎರಡರ ಮನೆಯಲ್ಲೇ ಇದೆ. ಹಿಂಬದಿಯ ತಿರುಗಣಿಯನ್ನು ಮಗಳ ಕೈಗೇ ಕೊಡಿ. ತಿರುಗಿಸುತ್ತ ಹೋಗಲಿ, ನೀವು ನಿಲ್ಲಿಸು ಎಂದಾಗ ಯಾರ ಮನೆ, ಈಗ ತಾನೇ ಬಂದದ್ದೋ, ನಡುವೆ ಇದೆಯೋ, ಹೊರಡುವುದರಲ್ಲಿದೆಯೋ ಎಂದು ಹೇಳಲಿ. ನಿಮಿಷದ ಮಾತೇ ಬೇಡ. ತಪ್ಪಿಲ್ಲದೆ ಹೇಳತೊಡಗಿದ ಮೇಲೆ ಗಂಟೆ ಮುಳ್ಳನ್ನು ಸರಿಯಾಗಿ ಒಂದು ಅಂಕಿಯ ಮೇಲೆ ನಿಲ್ಲಿಸಿ, ನಿಮಿಷದ ಮುಳ್ಳನ್ನು ಹನ್ನೆರಡಕ್ಕೆ ಹೊಂದಿಸಿ ಮತ್ತೆ ಕೂಡಿಸಿ. ಇದನ್ನು ಮರೆತರೆ ಎರಡು ಮುಳ್ಳುಗಳೂ ಒಂದಕ್ಕೊಂದು ತಾಳೆಯಾಗುವುದಿಲ್ಲ.

ನಿಮಿಷಕ್ಕೆ ಕಾಗದದ ಅಳತೆಪಟ್ಟಿ ಸಾಕು. 60 ಸೆಂಟಿಮೀಟರಿಗೆ ಕತ್ತರಿಸಿದರೆ ಒಂದೊಂದು ಸೆಂಟಿಮೀಟರೂ ಒಂದೊಂದು ನಿಮಿಷ. ತುದಿಗೆ ತುದಿ ಅಂಟಿಸಿ ಬಳೆಯಂತೆ ಮಾಡಿದಾಗ ಅದರ ಅಡ್ಡಳತೆ ಸುಮಾರು 19 ಸೆಂಟಿಮೀಟರ್ ಆಗುತ್ತದೆ. ಅಷ್ಟೇ ಅಗಲದ ರಟ್ಟಿನ ಬಿಲ್ಲೆ ಕತ್ತರಿಸಿ ಒಳಗೆ ಕೂಡಿಸಿ, ಪಟ್ಟಿಯ ಪ್ರತಿ ಐದನೆಯ ಗೆರೆಯ ಬಳಿ ಗಡಿಯಾರದ ಅಂಕಿ ಬರೆಸಿ. ಹತ್ತರ ಪಕ್ಕದಲ್ಲಿ 50 ಇರುವುದನ್ನು ಅವಳೇ ಕಾಣುತ್ತಾಳೆ. ಹೀಗೆ ಕೆಲವು ದಿನ ಓದಿದರೆ ಐದರ ಮಗ್ಗಿ ಕಲಿಸದೆಯೇ ಬಂದಿರುತ್ತದೆ. ಮಗ್ಗಿಯಿಂದ ಗಡಿಯಾರಕ್ಕೆ ಹೋಗುವುದಕ್ಕಿಂತ ಗಡಿಯಾರದಿಂದ ಮಗ್ಗಿಗೆ ಬರುವ ದಾರಿ ಹತ್ತಿರದ್ದು.

ಮೊಬೈಲಿನ ಅಂಕಿ ನೋಡಿ ಸಮಯ ಹೇಳಿದರೆ ಸಾಲದೇ ಎಂದು ಕೇಳುವವರಿದ್ದಾರೆ. ಅಂಕಿ ಓದಲು ಸಾಕು. ಮೂರು ಗಂಟೆಗೆ ಇನ್ನು ಎಷ್ಟು ಹೊತ್ತಿದೆ ಎಂದು ಕಣ್ಣಳತೆಯಲ್ಲಿ ಹೇಳಲು ಮುಳ್ಳು ಬೇಕು.

ತಿರುಗಣಿ ಹೇಗೂ ಮಗಳ ಕೈಯಲ್ಲಿದೆ, ನೀವು ಕೇಳದಿದ್ದರೂ ಇನ್ನೊಂದು ಆಟ ಹೇಳಿಬಿಡುತ್ತೇನೆ. ಹನ್ನೆರಡು ಗಂಟೆಗಳಲ್ಲಿ ಎರಡು ಮುಳ್ಳುಗಳೂ ಎಷ್ಟು ಸಲ ಒಂದರ ಮೇಲೊಂದು ಬರುತ್ತವೆ? ದೊಡ್ಡವರು ಹೆಚ್ಚಾಗಿ ಹನ್ನೆರಡು ಎನ್ನುತ್ತಾರೆ. ತಿರುಗಿಸಿ ಎಣಿಸಿದ ಮಗು ಹನ್ನೊಂದು ಎನ್ನುತ್ತದೆ, ಅದೇ ಸರಿ. ಹನ್ನೆರಡಕ್ಕೆ ಕೂಡಿದ್ದ ಮುಳ್ಳುಗಳು ಮತ್ತೆ ಕೂಡುವುದು 1:05ರ ಮೇಲೆ ಸುಮಾರು 27 ಸೆಕೆಂಡಿಗೆ, ಏಕೆಂದರೆ ನಿಮಿಷದ ಮುಳ್ಳು ಒಂದರ ಬಳಿಗೆ ಬರುವಷ್ಟರಲ್ಲಿ ಗಂಟೆ ಮುಳ್ಳು ಚೂರು ಮುಂದೆ ಸರಿದಿರುತ್ತದೆ. ಈ ಚೂರು ಪ್ರತಿ ಸಲವೂ ಸೇರುತ್ತ ಹೋಗಿ, 10:54ರ ಭೇಟಿಯ ನಂತರ ಮುಂದಿನದು ನೇರವಾಗಿ ಹನ್ನೆರಡಕ್ಕೇ. ಹನ್ನೊಂದರ ಮನೆಯೊಳಗೆ ಭೇಟಿಯೇ ಇಲ್ಲ. ಆಟ ಮುಗಿದ ಮೇಲೆ ಗಡಿಯಾರವನ್ನು ಸರಿಯಾದ ಸಮಯಕ್ಕೆ ತಂದು ನಿಲ್ಲಿಸುವ ಕೆಲಸವನ್ನೂ ಮಗಳೇ ಮಾಡಲಿ.